ಹೊಸ್ತಿಲ ಕಲ್ಲು

ರೋಮಿನ ದೂತ ಗುಡಿಯ ಹೊಸ್ತಿಲಿಗೆ ಕಾಲೆತ್ತಿದವನು ಹಾಗೇ ನಿಂತುಬಿಟ್ಟ. ಕಲಿತಷ್ಟು ಮೆರೋವೆ ನಾಡಿನ ಮಾತಿನಲ್ಲೇ ಕೇಳಿದ: "ಎಲ್ಲರೂ ಈ ಕಲ್ಲನ್ನ ಧಪ್ ಅಂತ ತುಳಿದೇ ಒಳಗೆ ಹೋಗ್ತಾರಲ್ಲ, ಯಾಕಮ್ಮ?"

ತೀರಿಹೋದ ರಾಣಿಯ ದಾಸಿ ಮಲಿತೇನೆ ಕಲ್ಲನ್ನೇ ನೋಡಿದಳು. ಆ ಕಲ್ಲಿನ ಕೆಳಗೆ ಇವನ ಚಕ್ರವರ್ತಿಯ ಕಂಚಿನ ತಲೆಯಿತ್ತು. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ರಾಣಿ, ವೈರಿಯ ಪ್ರತಿಮೆಯಿಂದ ಕಡಿದು ತಂದ ಅದನ್ನು ಇಲ್ಲಿ ಹೂಳಿಸಿ, "ನನ್ನ ಮಕ್ಕಳೆಲ್ಲ ತುಳೀಲಿ" ಅಂದಿದ್ದಳು. ಆಮೇಲೆ ಸಂಧಿಯಾಯಿತು. ಈಗ ಅವಳು ಸತ್ತ ಸುದ್ದಿ ಕೇಳಿ ಈತ ಕಾಣಿಕೆ ಹೊತ್ತು ಬಂದಿದ್ದಾನೆ. ನಿಜ ತಿಳಿದರೆ ಮತ್ತೆ ಯುದ್ಧವೇ. ಬಾಯಿ ಬಿಡಬೇಡ ಎನ್ನುವಂತೆ ಪೂಜಾರಿ ತಕಿದ ಅವಳಿಗೆ ಕಣ್ಸನ್ನೆ ಮಾಡಿದ.

"ನಮ್ಮ ರಾಣಿಯವ್ವ ಮಾಡಿಟ್ಟ ಪದ್ಧತಿ ಕಣಪ್ಪ," ಎಂದಳು ಮಲಿತೇನೆ. "ಜೋರಾಗಿ ತುಳಿದ್ರೆ, ಅವಳು ಎಲ್ಲಿದ್ರೂ ಕೇಳಿಸುತ್ತೆ."

ದೂತನ ಮುಖ ಮೆತ್ತಗಾಯಿತು. "ನಮ್ಮ ಅಪ್ಪ ಅವಳ ಎದುರು ಕಾದಾಡಿದ್ದೋನು. ಸಾಯೋವರೆಗೂ ಹೊಗಳ್ತಿದ್ದ." ಅವನು ಕಲ್ಲನ್ನು ಗಟ್ಟಿಯಾಗಿ ತುಳಿದ. "ಇದು ಅಪ್ಪಂದು." ಇನ್ನೂ ಜೋರಾಗಿ ಮತ್ತೊಮ್ಮೆ ತುಳಿದ. "ಇದು ನಮ್ಮ ಚಕ್ರವರ್ತಿಗಳ ಪರವಾಗಿ."

ಪೂಜಾರಿ ಕೆಮ್ಮು ಬಂದವನಂತೆ ಕಂಬದ ಮರೆಗೆ ಓಡಿದ. ಮಲಿತೇನೆ ನಗು ತಡೆಯಲು ಶಾಲನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಲುಕುವುದನ್ನು ಕಂಡ ದೂತ, "ಅಳಬೇಡಮ್ಮ," ಎಂದು ಬೆನ್ನು ಸವರಿದ. ರಾಣಿ ಸತ್ತ ದಿನವೂ ಬಾರದ ಅಳು ಆಗ ನುಗ್ಗಿ ಬಂತು.

"ಕೇಳಿಸ್ತೇನವ್ವಾ?" ಎಂದಳು ಅವಳು, ಶಾಲಿನೊಳಗೇ.