ಮೊದಲೇ ಬಂದು ಕೂತವರು

ಪ್ರಾರ್ಥನಾ ಮಂದಿರದ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಹಿರಿಯ ಪಾದ್ರಿ ಊರುಗೋಲಿನಿಂದ ಎರಡು ಸಲ ಕುಟ್ಟಿ, ಹಿಂದೆ ನಿಂತಿದ್ದ ಕಿರಿಯ ಪಾದ್ರಿಯತ್ತ ಹುಬ್ಬೇರಿಸಿದರು. ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು.

ಹಿರಿಯರು ಸಮುದ್ರ ದಾಟಿ ಬಂದದ್ದು ಒಂದೇ ಒಂದು ಸಾಲನ್ನು ಒರೆಗೆ ಹಚ್ಚಲು. “ಇಲ್ಲಿನ ಒಂದು ಕುಟುಂಬ ದಿನವೂ ನನಗಿಂತ ಮೊದಲೇ ಬಂದು ಕೂತಿರುತ್ತದೆ” ಎಂದು ಕಿರಿಯ ಪಾದ್ರಿ ಎಂಟು ತಿಂಗಳಿಂದ ಬರೆಯುತ್ತಿದ್ದ. ಹಿರಿಯರಿಗೆ ಇಂಥ ಕಾಗದಗಳು ಹೊಸದಲ್ಲ. ಖಾಲಿ ಬೆಂಚುಗಳಿಗೆ ಬೋಧಿಸುವವನ ಲೇಖನಿ ಬಲು ಉದಾರಿ ಎಂಬುದು ಅವರಿಗೆ ಗೊತ್ತಿತ್ತು. ಸಾಲು ಸುಳ್ಳಾದರೆ ಮಂದಿರಕ್ಕೆ ಬೀಗ, ಬರೆದವನಿಗೆ ಮುಂದಿನ ಹಡಗು.

ಚಿಲಕ ಸರಿಯಿತು. ಒಳಗೆ ಬಡಗಿ, ಅವನ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು, ಅಜ್ಜಿ. ಐದಕ್ಕೆ ಐದೂ ಜನ. ಮಕ್ಕಳ ಕಣ್ಣು ಕೆಂಪಗಿತ್ತು. ಅಜ್ಜಿ ಸೊಂಟ ಹಿಡಿದು ಎದ್ದು ನಿಂತಳು.

ಹಿರಿಯರು ಸುಲಭಕ್ಕೆ ಸೋಲುವವರಲ್ಲ. ದಿನಾ ಇಲ್ಲಿಗೆ ಬರುವುದು ಕಷ್ಟವಲ್ಲವೇ ಎಂದು ಅಜ್ಜಿಯನ್ನೇ ಕೇಳಿದರು. ಅಜ್ಜಿಗೆ ಕಿವಿ ಮಂದ. ಹಾಗಾಗಿ ಅವಳು ಪಿಸುಗುಟ್ಟಿದರೂ ಮೂರು ಮನೆಗೆ ಕೇಳುತ್ತಿತ್ತು.

“ಬೆನ್ನು ಹಿಡ್ಕೊಂಡಿದೆಯಪ್ಪಾ. ಆದ್ರೂ ಒಂದು ದಿನ ತಪ್ಪಿಸಿಲ್ಲ.”

ಎಷ್ಟು ಬಾಗಿ ನಮಸ್ಕರಿಸಿದರೆ ಬೆನ್ನು ಹಾಗೆ ಹಿಡಿದೀತು! ಹಿರಿಯರ ಕಣ್ಣಂಚು ಒದ್ದೆಯಾಯಿತು. ಕಿರಿಯ ಪಾದ್ರಿ ಎಂಟು ತಿಂಗಳಲ್ಲಿ ಮೊದಲ ಸಲ ಎದೆ ತುಂಬ ಉಸಿರೆಳೆದ.

ಈ ಮನೆಯವರಿಗೆ ಅವನು ಏಳು ಜನ್ಮದ ಋಣಿ. ಬಸ್ಸಿನಿಂದಿಳಿದು, ಗುರುತಿಲ್ಲದ ಊರಿನಲ್ಲಿ ಟ್ರಂಕಿನ ಮೇಲೆ ಕೂತು ಬೆಪ್ಪಾಗಿದ್ದ ದಿನ ಬಡಗಿ ಮರುಮಾತಿಲ್ಲದೆ ಟ್ರಂಕನ್ನು ಹೆಗಲಿಗೇರಿಸಿದ್ದ. ಜಾಗ ಇದೆಯೇ ಎಂದರೆ, ಮನಸ್ಸಿದ್ದ ಕಡೆ ಜಾಗಕ್ಕೇನು ಬರ ಎಂದು ನಕ್ಕಿದ್ದ. ಮನೆಯ ಮುಂಭಾಗ ಮರಗೆಲಸದ ಅಂಗಡಿ. ಅಲ್ಲಿ ಹಲಗೆ, ಅರೆಬರೆ ಕಪಾಟುಗಳ ನಡುವೆ ಬೆಕ್ಕಿಗೂ ಕಾಲಿಡಲು ಆಗುತ್ತಿರಲಿಲ್ಲ. ಹಿಂದೆ ಅಡುಗೆಮನೆ, ಅದಕ್ಕೊಂದು ಪರದೆ. ಪರದೆಯಾಚೆಗೆ ಇಣುಕುವುದು ಅತಿಥಿಗೆ ತರವಲ್ಲವೆಂದು ಪಾದ್ರಿ ಆ ಕಡೆ ತಲೆ ಹಾಕಿದವನಲ್ಲ. ಅವನಿಗೆ ಕೊಟ್ಟದ್ದು ಮಹಡಿಯ ಕೋಣೆ. ಮೊದಲ ಬೆಳಿಗ್ಗೆ ಅವನ ಕಾಲು ಮಂಚದ ಹೊರಗೆ ಚಾಚಿದ್ದು ಕಂಡು, ಸಂಜೆಯೊಳಗೆ ಬಡಗಿ ಮಂಚವನ್ನೇ ಒಂದು ಮೊಳ ಉದ್ದ ಮಾಡಿದ್ದ.

ಆ ಮನೆಯ ನಿಶ್ಶಬ್ದವನ್ನು ಪಾದ್ರಿ ಪ್ರತಿ ಕಾಗದದಲ್ಲೂ ಹೊಗಳುತ್ತಿದ್ದ. ಮಕ್ಕಳಿರುವ ಮನೆಯಲ್ಲಿ ಮಲಗಿದ ಮೇಲೆ ಒಂದು ಕೆಮ್ಮಿಲ್ಲ, ಒಂದು ಅಳುವಿಲ್ಲ. ಸಂಜೆಯ ಪ್ರಾರ್ಥನೆ ಮುಗಿದರೆ ಬಡಗಿಯ ಹೆಂಡತಿ, “ನೀವು ಮುಂದೆ ಹೋಗಿ. ಊಟ ಮುಚ್ಚಿಟ್ಟಿದ್ದೀನಿ. ಇಲ್ಲಿ ದೀಪ, ಬೀಗ ಎಲ್ಲ ನಾವು ನೋಡ್ಕೋತೀವಿ” ಎಂದು ಅವನನ್ನು ಸಾಗಹಾಕುತ್ತಿದ್ದಳು. ಮಂದಿರದ ಬೆಂಚುಗಳನ್ನೂ ಬಡಗಿಯೇ ಮಾಡಿದ್ದು. ಬೋಧನೆ ನಡೆಯುವಾಗ ಯಾರೂ ತೂಕಡಿಸದಿರಲೆಂದು ಪಾದ್ರಿ ಕಿರಿದಾದ ಬೆಂಚು ಹೇಳಿದ್ದರೆ, ಅವನು ಅಗಲವಾದದ್ದೇ ತಂದಿಟ್ಟ. ಅಗಲವಿದ್ದರೆ ಮನಸ್ಸು ನೆಲೆಯಾಗಿ ನಿಲ್ಲುತ್ತದಂತೆ.

ಮಂದಿರದಿಂದ ಮರಳುವಾಗ ಹಿರಿಯರು ಕೊನೆಯ ಮುಳ್ಳೊಂದನ್ನು ಚುಚ್ಚಿದರು. ಅತಿಥಿಯ ದಾಕ್ಷಿಣ್ಯಕ್ಕೆ ಬರುವ ಭಕ್ತರೂ ಉಂಟು ಎಂದರು. ಅದು ಕಿರಿಯ ಪಾದ್ರಿಗೆ ನಾಟಿತು. ಅಂಗಡಿಗೆ ಬಂದವನೇ ಬಡಗಿಯನ್ನು ಪಕ್ಕಕ್ಕೆ ಕರೆದ.

“ನಿಜ ಹೇಳಿ. ನನ್ನ ಮುಖ ನೋಡ್ಕೊಂಡು ಅಲ್ಲಿಗೆ ಬರ್ತಿದ್ದೀರಾ?”

ಬಡಗಿ ಉಜ್ಜುಗೊರಡನ್ನು ಕೆಳಗಿಟ್ಟು ತುಸು ಯೋಚಿಸಿದ.

“ನೀವು ಬರದೇ ಇದ್ದಿದ್ರೆ ನಾವು ಅಲ್ಲಿಗೆ ಹೋಗ್ತಿರಲಿಲ್ಲ. ಅಷ್ಟಂತೂ ನಿಜ.”

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಪಾದ್ರಿ ಅದನ್ನು ಅಕ್ಷರ ಬಿಡದೆ ಹಿರಿಯರಿಗೆ ಒಪ್ಪಿಸಿದ. ಮಧ್ಯಾಹ್ನದೊಳಗೆ ತೀರ್ಪಾಯಿತು: ಮಂದಿರ ಉಳಿಯುತ್ತದೆ, ಪಾದ್ರಿ ಇನ್ನೆರಡು ವರ್ಷ ಇಲ್ಲೇ ಇರುತ್ತಾನೆ. ಅಷ್ಟೇ ಅಲ್ಲ, ಇಷ್ಟು ದುಡಿದವನು ಪರರ ಮನೆಯಲ್ಲಿ ಯಾಕಿರಬೇಕು? ಔಷಧದಂಗಡಿಯ ಮೇಲಿನ ಎರಡು ಕೋಣೆ ಅವನಿಗೆ, ಇವತ್ತಿನಿಂದಲೇ.

ಸುದ್ದಿಯನ್ನು ಅವನೇ ಬಂದು ಮನೆಯವರಿಗೆ ಹೇಳಿದ. ಬಡಗಿ ಬೇಡವೆಂದ. ಹೆಂಡತಿ ಇನ್ನೆರಡು ಸಲ ಬೇಡವೆಂದಳು. ಅಷ್ಟರಲ್ಲಿ ಬಡಗಿ ಟ್ರಂಕನ್ನು ಹೆಗಲಿಗೇರಿಸಿಯಾಗಿತ್ತು. ಅಜ್ಜಿ ಮಾತ್ರ ಎರಡೂ ಕೈ ಮೇಲೆತ್ತಿ, ಬೀದಿಗೆಲ್ಲ ಕೇಳುವಂತೆ ದೇವರನ್ನು ಕೊಂಡಾಡಿದಳು. ಅವಳು ತಾನಾಗಿ ದೇವರ ಹೆಸರೆತ್ತಿದ್ದನ್ನು ಪಾದ್ರಿ ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ, ಹೊರಡುವ ಮುನ್ನ ಆ ಕುಟುಂಬವನ್ನು ಹರಸಲು ಹಿರಿಯರು ಮಂದಿರಕ್ಕೆ ಬಂದರು. ಬಾಗಿಲಿಗೆ ಹೊರಗಿನಿಂದ ಬೀಗವಿತ್ತು. ಪಾದ್ರಿ ತನ್ನ ಕೀಲಿಯಿಂದ ತೆರೆದ. ಬೆಂಚುಗಳು ಖಾಲಿ. ಆರಾಯಿತು, ಆರೂವರೆಯಾಯಿತು. ಹಿರಿಯರು ಊರುಗೋಲನ್ನು ನೆಲಕ್ಕೆ ತಟ್ಟುತ್ತಿದ್ದರು. ಯಾರಿಗೋ ಮೈ ಹುಷಾರಿಲ್ಲದಿರಬೇಕು ಎಂದು ಪಾದ್ರಿ ತೊದಲಿದ. ಹಾಗಾದರೆ ನೋಡಿಯೇ ಬರೋಣ ಎಂದು ಹಿರಿಯರು ಎದ್ದರು.

ಅಂಗಡಿಯ ಬಾಗಿಲನ್ನು ಮೂರು ಸಲ ತಟ್ಟಬೇಕಾಯಿತು. ಬಡಗಿಯ ಹೆಂಡತಿ ಕಣ್ಣುಜ್ಜುತ್ತ ತೆರೆದಳು. ಪಾದ್ರಿಯನ್ನೂ ಹಿರಿಯರನ್ನೂ ಕಂಡು ತಬ್ಬಿಬ್ಬಾಗಿ, ತುಟಿಯ ಮೇಲೆ ಬೆರಳಿಟ್ಟು ಮಹಡಿಯತ್ತ ನೋಡಿದಳು. ಅಡುಗೆಮನೆಯ ಪರದೆ ಇವತ್ತು ಸರಿದಿತ್ತು. ಒಲೆಯ ಹಿಂದೆ ಇದ್ದದ್ದು ಬರೀ ಗೋಡೆ. ಮಹಡಿಯಿಂದ ಗೊರಕೆ ಕೇಳುತ್ತಿತ್ತು, ಒಂದಲ್ಲ, ಮೂರು ತರದ್ದು. ಅದರಲ್ಲೊಂದು ತಟಕ್ಕನೆ ನಿಂತು, ಅಜ್ಜಿಯ ಪಿಸುಮಾತು ಬೀದಿಯವರೆಗೂ ಬಂತು:

“ಯಾರೇ ಅದು, ಪಾದ್ರಿನಾ? ಇರೋದೊಂದೇ ಕೋಣೆ ಕೊಟ್ಟು ಎಂಟು ತಿಂಗಳು ಅವರ ಬೆಂಚಿನ ಮೇಲೆ ಮಲಗಿದ್ವಿ ಅಂತ ಮಾತ್ರ ಹೇಳ್ಬೇಡ ಕಣೇ, ಪಾಪ, ನೊಂದ್ಕೋತಾರೆ.”