ಅಲೆಯಂತ್ರದ ಆಯುಧಪೂಜೆ

ಊರಿಗೆಲ್ಲ ವಿದ್ಯುತ್ ಕೊಡುವ ಪುಟ್ಟ ಸೂರ್ಯನನ್ನು ಕಾಯುವುದು ದಾನಮ್ಮನ ಕೆಲಸ. ಉಕ್ಕಿನ ಬಳೆಯೊಳಗೆ ಸುತ್ತುವ ಆ ಬೆಂಕಿಯನ್ನು ಅಲೆಯಂತ್ರ ತನ್ನ ರೇಡಿಯೊ ಅಲೆಗಳಿಂದ ತಳ್ಳುತ್ತಲೇ ಇರಬೇಕು. ತಳ್ಳುವುದು ನಿಂತರೆ ಬೆಂಕಿಯೊಳಗಿನ ಕರೆಂಟು ನಿಂತು ಸೂರ್ಯನೇ ಆರಿಹೋಗುತ್ತಾನೆ.

ಆಯುಧಪೂಜೆಯ ಬೆಳಿಗ್ಗೆ ಮೇಲಧಿಕಾರಿ ವೃಷಭೇಂದ್ರಪ್ಪ ಬೂದುಗುಂಬಳ ಹಿಡಿದು ಬಂದರು. "ಅಲೆಯಂತ್ರ ನಿಲ್ಲಿಸಿ ದಾನಮ್ಮ, ಇವತ್ತು ಅದಕ್ಕೂ ವಿಶ್ರಾಂತಿ."

"ಸರ್, ಮತ್ತೆ ಹೊತ್ತಿಸೋಕೆ ಮೂರು ದಿನ ಬೇಕು. ಆಸ್ಪತ್ರೆಯಲ್ಲಿ ಹಸುಗೂಸುಗಳಿವೆ."

"ಓಡೋ ಯಂತ್ರಕ್ಕೆ ಪೂಜೆ ಮಾಡಿದ್ರೆ ಊರು ಉಗಿಯಲ್ವೇನ್ರೀ?"

ದಾನಮ್ಮ ಬೆವರೊರೆಸಿಕೊಂಡು, "ನಿಂತಿದೆ ಅಂತ ಬೋರ್ಡ್ ಹಾಕಿದ್ರೆ ಆಗಲ್ವಾ ಸರ್?" ಎಂದಳು.

ಸಾಹೇಬರ ಮುಖ ಅರಳಿತು. ಬೋರ್ಡಿಗೆ ಚೆಂಡುಹೂವಿನ ಹಾರ ಬಿತ್ತು, ಗುಂಯ್‌ಗುಡುತ್ತಿದ್ದ ಯಂತ್ರಕ್ಕೆ ಕುಂಕುಮ ಏರಿತು. ಯಂತ್ರ ನಿಂತಿದೆಯೆಂದು ಊರಿಗೆಲ್ಲ ಮೈಕಿನಲ್ಲಿ ಸಾರಿದ್ದೂ ಆಯಿತು.

ಮಧ್ಯಾಹ್ನ ಆಸ್ಪತ್ರೆಯ ಹಿರಿಯ ನರ್ಸ್ ಫೋನ್ ಮಾಡಿದರು. "ಯಂತ್ರ ನಿಂತಿದೆಯಂತೆ, ಇಲ್ಲಿ ನೋಡಿದ್ರೆ ಕರೆಂಟ್ ಇದೆಯಲ್ಲಮ್ಮ! ಕೂಸುಗಳನ್ನ ಬೆಚ್ಚಗಿಡೋ ಪೆಟ್ಟಿಗೆಗೆ ಬಳಸಬಹುದಾ? ನಾಳೆ ಯಾರಾದ್ರೂ ವಿವರಣೆ ಕೇಳಿದ್ರೆ?"

ದಾನಮ್ಮ ಸಾಹೇಬರತ್ತ ನೋಡಿದಳು. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿ ಮಂಗಳಾರತಿ ಎತ್ತುತ್ತಿದ್ದರು.

"ಬಳಸಿ ಅಕ್ಕ," ಎಂದಳು ಮೆಲ್ಲಗೆ. "ಕರೆಂಟ್ ಇಲ್ಲ ಅಂದ್ಕೊಂಡು ಬಳಸಿ."