ಶತ್ರು ಬೇಕಾಗಿದ್ದಾನೆ

“ನಿಮಗೆ ಯಾರಿಂದ ಪ್ರಾಣಭಯ?” ಎಂದು ಸಬ್ ಇನ್ಸ್‌ಪೆಕ್ಟರ್ ಕೇಳಿದಾಗ ಶಿವಮಲ್ಲಪ್ಪನವರಿಗೆ ಒಂದು ಹೆಸರೂ ಹೊಳೆಯಲಿಲ್ಲ. ಮೈಸೂರಿನಲ್ಲಿ ಬೆಲ್ಲದ ಮಂಡಿ ಇಟ್ಟುಕೊಂಡವರು ಅವರು. ಅವರ ಆಸ್ತಿಗೆ ಮುತ್ತಿಗೆ ಹಾಕುತ್ತಿದ್ದುದು ಇರುವೆ ಮಾತ್ರ. ಭಯವಿಲ್ಲದವರಿಗೆ ಕೋವಿ ಲೈಸೆನ್ಸು ಸಿಗುವುದಿಲ್ಲವೆಂದು ಹೇಳಿ ಇನ್ಸ್‌ಪೆಕ್ಟರು ಅರ್ಜಿ ವಾಪಸು ಕೊಟ್ಟರು.

ಅವರಿಗೆ ಕೋವಿ ಬೇಕಾಗಿದ್ದುದು ಹೊಡೆಯಲಿಕ್ಕಲ್ಲ, ಪೂಜೆಗೆ. ಹಿಂದಿನ ವರ್ಷ, ಅಂದರೆ ತೊಂಬತ್ತೇಳರ ಆಯುಧಪೂಜೆಗೆ ಹೂಟಗಳ್ಳಿಯ ಬೀಗರ ಮನೆಗೆ ಹೋದಾಗ ಅಲ್ಲಿ ಜೋಡುನಳಿಗೆಯ ಕೋವಿಯೊಂದು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಬಂದವರೆಲ್ಲ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಶಿವಮಲ್ಲಪ್ಪನವರ ಮನೆಯಲ್ಲಿ ಪೂಜೆಗೆ ಇದ್ದದ್ದು ತಕ್ಕಡಿ, ಸ್ಕೂಟರು, ಈಳಿಗೆಮಣೆ. ಈಳಿಗೆಮಣೆಯ ಪಕ್ಕ ನಿಂತು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ?

ಸಂಜೆ ಕಾಂಪೌಂಡಿಗೆ ಒರಗಿ ಪಕ್ಕದ ಮನೆಯ ಬೀರಯ್ಯನ ಬಳಿ ಗೋಳು ಹೇಳಿಕೊಂಡರು. ಬೀರಯ್ಯ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಬನ್ನಿಮಂಟಪದ ಆ ಬೀದಿಗೆ ಬಂದಾಗಿನಿಂದ ಇಬ್ಬರೂ ಒಂದೇ ಪತ್ರಿಕೆ ತರಿಸಿ ಹಂಚಿಕೊಂಡು ಓದುತ್ತಿದ್ದವರು.

“ಅಷ್ಟೇ ತಾನೆ? ನಾನೇ ನಿನ್ನ ಶತ್ರು ಆಯ್ತೀನಿ ಬುಡು,” ಎಂದ ಬೀರಯ್ಯ.

ಮರುದಿನ ಶತ್ರುಗಳಿಬ್ಬರೂ ಒಂದೇ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಹೋದರು. ಕೈಕಾಲು ಮುರಿಯುತ್ತೇನೆಂದು ತಾನು ಬೆದರಿಸಿದ್ದು ನಿಜವೆಂದು ಬೀರಯ್ಯ ಕಲಿತ ಪಾಠ ಒಪ್ಪಿಸಿದ. ಯಾವ ಕಾರಣಕ್ಕೆ ಎಂದು ಇನ್ಸ್‌ಪೆಕ್ಟರು ಕೇಳಿದರು. ಕಾರಣದ ಬಗ್ಗೆ ಇಬ್ಬರೂ ಯೋಚಿಸಿಯೇ ಇರಲಿಲ್ಲ. ಬೀರಯ್ಯ ತಲೆ ಕೆರೆದುಕೊಂಡು, ಕಾಂಪೌಂಡು ಕಟ್ಟಿಸುವಾಗ ಇವರು ತನ್ನ ಕಡೆಗೆ ಅರ್ಧ ಅಡಿ ಒತ್ತಿದ್ದಾರೆ ಎಂದ. ಏನು ನಟನೆ ಮಾಡುತ್ತಾನಪ್ಪ ಎಂದು ಶಿವಮಲ್ಲಪ್ಪನವರು ಒಳಗೊಳಗೇ ಹಿಗ್ಗಿದರು. ಅರ್ಧ ಅಡಿಗೆ ಕೈಕಾಲು ಮುರಿಯಬೇಕೇ ಎಂದು ಇನ್ಸ್‌ಪೆಕ್ಟರು ನಕ್ಕರು. ಬೀರಯ್ಯ ನಗಲಿಲ್ಲ.

“ನನ್ನ ಮಗಳ ಮದ್ವೆಗೆ ಬಂದವ್ರು ಊಟ ಮಾಡ್ನಿಲ್ಲ ಸಾರ್. ಹೊಟ್ಟೆ ಸರಿಯಿಲ್ಲ ಅಂದ್ರು. ಅಲ್ಲಿಂದ ಸೀದಾ ಅವ್ರ ಬೀಗ್ರ ಮನೆಗೆ ಹೋಗಿ ಒಬ್ಬಟ್ಟು ತಿಂದ್ರಂತೆ. ನಮ್ಮನೆ ಅನ್ನ ಮಾತ್ರ ಇವ್ರ ಹೊಟ್ಟೆಗೆ ಆಗ್ನಿಲ್ಲ.”

ಶಿವಮಲ್ಲಪ್ಪನವರ ಮುಖ ಸಪ್ಪಗಾಯಿತು. ಈ ಮಾತು ಪಾಠದಲ್ಲಿರಲಿಲ್ಲ, ಸುಳ್ಳೂ ಆಗಿರಲಿಲ್ಲ. ಇನ್ಸ್‌ಪೆಕ್ಟರು ಬೀರಯ್ಯನಿಗೆ ಎಚ್ಚರಿಕೆ ಕೊಟ್ಟು, ಅರ್ಜಿಗೆ ಶಿಫಾರಸು ಬರೆದರು. ಬೀರಯ್ಯ ಸ್ಕೂಟರು ಹತ್ತದೆ ಸಿಟಿ ಬಸ್ಸಿನಲ್ಲಿ ಮನೆಗೆ ಹೋದ.

ಅಂದೇ ಹೋಗಿ ತಪ್ಪಾಯಿತು ಎನ್ನಬೇಕೆಂದು ಶಿವಮಲ್ಲಪ್ಪನವರಿಗೆ ಅನ್ನಿಸಿತು. ಈಗ ಅವರಿಗೆ ನಿಜವಾಗಿಯೂ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಆದರೆ ರಾಜಿಯಾದರೆ ಪ್ರಾಣಭಯ ಹೋಗುತ್ತದೆ, ಪ್ರಾಣಭಯ ಹೋದರೆ ಲೈಸೆನ್ಸು ಹೋಗುತ್ತದೆ. ಮೊದಲು ಲೈಸೆನ್ಸು ಕೈಗೆ ಬರಲಿ, ಆಮೇಲೆ ಬೀರಯ್ಯನ ಕೈ ಹಿಡಿದುಕೊಂಡರಾಯಿತು ಎಂದು ತಡೆದುಕೊಂಡರು. ತನಿಖೆಗೆ ಪೊಲೀಸರು ಬಂದಾಗಲೆಲ್ಲ ಪಕ್ಕದ ಮನೆಗೆ ಬೆನ್ನು ಹಾಕಿ ಕೂತರು. ಪತ್ರಿಕೆ ಎರಡು ಮನೆಗೂ ಬೇರೆ ಬೇರೆ ಬರತೊಡಗಿತು.

ಕೊನೆಗೂ ಲೈಸೆನ್ಸು ಮಂಜೂರಾದ ದಿನ ಶಿವಮಲ್ಲಪ್ಪನವರು, ಊಟದ ಹೊತ್ತು ನೋಡಿಕೊಂಡೇ, ಬೀರಯ್ಯನ ಮನೆ ಬಾಗಿಲಿಗೆ ಹೋಗಿ ನಿಂತರು. ಯಾವಾಗಲೂ ಅಣ್ಣ ಎಂದು ಬಾಯ್ತುಂಬ ಕರೆಯುತ್ತಿದ್ದ ಅವನ ಹೆಂಡತಿ ಸುಂದರಮ್ಮ ಹೊರಗೆ ಬಂದಳು.

“ಬೀರಯ್ಯ ಇದ್ದಾನೇನಮ್ಮ? ಇವತ್ತು ನಾನು ಇಲ್ಲೇ ಊಟ ಮಾಡ್ತೀನಿ ಅಂತ ಹೇಳು.”

ಸುಂದರಮ್ಮ ಒಳಕ್ಕೆ ಕರೆಯಲಿಲ್ಲ. “ಅವ್ರಿಲ್ಲ ಸ್ವಾಮಿ, ಸ್ಟೇಷನ್‌ಗೆ ಹೋಗವ್ರೆ. ಪಕ್ಕದ ಮನೆಗೆ ಕೋವಿ ಬತ್ತದಂತೆ, ನಂಗೂ ಒಂದು ಕೊಡಿ ಅಂತ ಕೇಳಕ್ಕೆ.”